ಕಾಸರಗೋಡಿನಲ್ಲಿ ಉಚಿತ ತರಬೇತಿ ಪಡೆದು ಕೆಲಸಕ್ಕೆ ಸೇರುವುದು ಹೇಗೆ: ಯಾವುದು ಮೊದಲು, ಎಲ್ಲಿ ತಪ್ಪುತ್ತದೆ

ಕೋರ್ಸ್ ಮುಗಿದಿದೆ, ಸರ್ಟಿಫಿಕೇಟ್ ಕೈಯಲ್ಲಿದೆ, ಕೆಲಸ ಇಲ್ಲ. ಇಲ್ಲವೇ ಕೋರ್ಸಿಗೆ ಹೆಸರು ಕೊಟ್ಟಾಗಿದೆ, ಸೇರುವ ದಿನ ಆಧಾರ್‌ನಲ್ಲಿ ಹೆಸರು ಬೇರೆ ಉಂಟು ಅಂತ ವಾಪಸು ಕಳಿಸಿದ್ದಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈ ಎರಡು ಮಾತು ಕೇಳಿ ಕೇಳಿ ಸಾಕಾಗಿದೆ. ಓದು ಕಡಿಮೆ ಆದದ್ದಕ್ಕೆ ಹೀಗಾಗುವುದು ಅಪರೂಪ. ಹೆಚ್ಚಿನ ಸಲ ಕೆಲಸಗಳನ್ನು ಹಿಂದುಮುಂದು ಮಾಡಿದ್ದಕ್ಕೆ ಆಗುತ್ತದೆ. ಮೊದಲು ಕೋರ್ಸ್ ಹುಡುಕುತ್ತೇವೆ, ಆಮೇಲೆ ಕಾಗದಪತ್ರಕ್ಕೆ ಓಡುತ್ತೇವೆ, ಎಲ್ಲ ಮುಗಿದ ಮೇಲೆ ಈ ಕೋರ್ಸಿಗೆ ನಮ್ಮ ಕಡೆ ಕೆಲಸ ಉಂಟಾ ಅಂತ ವಿಚಾರಿಸುತ್ತೇವೆ. ಕ್ರಮ ತಿರುಗಿಸಿ. ಮೊದಲು ಕಾಗದಪತ್ರ, ಆಮೇಲೆ ನೋಂದಣಿ, ಆಮೇಲೆ ಕೆಲಸದ ವಿಚಾರಣೆ, ತರಬೇತಿ ಅದರ ನಂತರ.

ಹತ್ತನೆಯೋ ಪ್ಲಸ್ ಟುವೋ ಮುಗಿಸಿ ಮನೆಯಲ್ಲಿ ಕೂತವರು, ಅರ್ಧಕ್ಕೆ ಶಾಲೆ ಬಿಟ್ಟವರು, ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಏನಾದರೂ ಮಾಡಬೇಕು ಅಂದುಕೊಂಡ ಅಕ್ಕಂದಿರು, ಗಲ್ಫಿನಿಂದ ವಾಪಸು ಬಂದವರು, ಎಲ್ಲರಿಗೂ ಇದೇ ಕ್ರಮ. ಬಾಗಿಲು ಮಾತ್ರ ಬೇರೆ ಬೇರೆ.

ಶುರುಮಾಡುವ ಮೊದಲು ಕೈಯಲ್ಲಿ ಬೇಕಾದದ್ದು

ಆಧಾರ್, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ (ಇಲ್ಲದಿದ್ದರೆ ಶಾಲೆಯ ಟಿಸಿ), ರೇಶನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಇತ್ತೀಚಿನ ಫೋಟೋ, ಇವೆಲ್ಲ ಒಂದೇ ಫೈಲಿನಲ್ಲಿ ಇರಲಿ. ಎಲ್ಲದರ ಫೋಟೋ ಮೊಬೈಲಿನಲ್ಲೂ ಇರಲಿ. ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಬೇಕೇ ಬೇಕು. ಯಾವ ವೆಬ್‌ಸೈಟಿನಲ್ಲಿ ಯಾವ ಯೂಸರ್ ಐಡಿ, ಯಾವ ಪಾಸ್‌ವರ್ಡ್, ಯಾವ ತಾರೀಕಿಗೆ ಅರ್ಜಿ ಹಾಕಿದ್ದು, ಎಲ್ಲ ಅದರಲ್ಲಿ ಬರೆಯಿರಿ.

ಮೊಬೈಲ್ ನಂಬರಿನ ವಿಷಯ ಸಣ್ಣದು ಅಂತ ಕಾಣುತ್ತದೆ, ಸಣ್ಣದಲ್ಲ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅವಸರಕ್ಕೆ ಅಣ್ಣನ ನಂಬರ್ ಕೊಡುತ್ತೀರಿ, ಅಣ್ಣ ಆರು ತಿಂಗಳಲ್ಲಿ ದುಬೈಗೆ ಹೋಗುತ್ತಾನೆ, ಆಮೇಲೆ ಒಟಿಪಿ ಬರುವುದು ಸ್ವಿಚ್ ಆಫ್ ಆದ ಸಿಮ್‌ಗೆ. ಸಂದರ್ಶನದ ಮೆಸೇಜೂ ಅದಕ್ಕೇ. ನಿಮ್ಮದೇ ನಂಬರ್ ಇರಬೇಕು, ಅದೇ ನಂಬರ್ ಆಧಾರ್‌ಗೂ ಜೋಡಣೆ ಆಗಿರಬೇಕು, ರೀಚಾರ್ಜ್ ತಪ್ಪಿ ಅದು ಹೋಗಬಾರದು. ಇಮೇಲೂ ಹಾಗೆಯೇ. ಅಂಗಡಿಯವರು ಮಾಡಿಕೊಟ್ಟ ಇಮೇಲಿನ ಪಾಸ್‌ವರ್ಡ್ ಅಲ್ಲಿಂದ ಏಳುವ ಮೊದಲೇ ಬರೆದುಕೊಳ್ಳಿ.

ಹಂತ 1: ಎಲ್ಲ ಕಾಗದದಲ್ಲೂ ಒಂದೇ ಹೆಸರು

ಅರ್ಜಿ ಬೀಳುವುದು ಜಾಸ್ತಿ ಇಲ್ಲಿಯೇ. ನಮ್ಮ ಹೆಸರು ಮನೆಯಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಇರುತ್ತದೆ, ಕಚೇರಿಯಲ್ಲಿ ಮಲಯಾಳಂನಲ್ಲಿ ಬರೆಯುತ್ತಾರೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಆಗುತ್ತದೆ. ಒಂದರಲ್ಲಿ ‘ನಾಯ್ಕ’, ಇನ್ನೊಂದರಲ್ಲಿ ‘ನಾಯಕ್’. ಒಂದರಲ್ಲಿ ಇನಿಶಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮೂರನೆಯದರಲ್ಲಿ ಇನಿಶಿಯಲ್ಲೇ ಇಲ್ಲ. ಮದುವೆಯಾದವರಿಗೆ ರೇಶನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ನೋಡುವವರಿಗೆ ಒಬ್ಬರೇ ಅಂತ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ.

ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಇರುವ ಹೆಸರು ಮತ್ತು ಹುಟ್ಟಿದ ತಾರೀಕನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಅದನ್ನು ತಿದ್ದುವುದು ದೊಡ್ಡ ಕೆಲಸ, ಆಧಾರ್ ತಿದ್ದುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ ಸಲ. ಹಾಗಾಗಿ ತಿದ್ದುವಾಗ ಸರ್ಟಿಫಿಕೇಟ್ ಪಕ್ಕದಲ್ಲಿಟ್ಟು, ಒಂದೊಂದು ಇಂಗ್ಲಿಷ್ ಅಕ್ಷರ ನೋಡಿ, ಆಪರೇಟರ್ ಸ್ಕ್ರೀನ್ ತೋರಿಸಿದ ಮೇಲೆಯೇ ಆಯ್ತು ಅನ್ನಿ. ಆಧಾರ್ ಸರಿಯಾದ ಮೇಲೆ ಬ್ಯಾಂಕ್ ಖಾತೆ, ಪಾನ್ ಕಾರ್ಡ್. ಈ ಸಾಲು ತಪ್ಪಿಸಿದರೆ ಎರಡೆರಡು ಸಲ ಓಡಬೇಕು.

ತಿದ್ದಲು ಸಮಯ ಇಲ್ಲ, ಅರ್ಜಿಯ ಕೊನೆಯ ದಿನ ಹತ್ತಿರ ಬಂದಿದೆ ಅಂದರೆ ‘ವನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ಉಂಟು. ಎರಡು ಹೆಸರಿನವರು ಒಬ್ಬರೇ ಅಂತ ವಿಲೇಜ್ ಆಫೀಸಿನಿಂದ ಕೊಡುತ್ತಾರೆ, ಅಕ್ಷಯದಲ್ಲಿ ಇ-ಡಿಸ್ಟ್ರಿಕ್ಟ್ (ಸರ್ಟಿಫಿಕೇಟ್‌ಗಳಿಗೆ ಇರುವ ಸರಕಾರಿ ವೆಬ್‌ಸೈಟ್) ಮೂಲಕ ಅರ್ಜಿ ಹಾಕಬಹುದು. ಇದು ತಾತ್ಕಾಲಿಕ ದಾರಿ ಮಾತ್ರ. ಬಯೋಮೆಟ್ರಿಕ್ ಹಾಜರಿ ಇರುವ ಕೋರ್ಸಿಗೆ ಆಧಾರ್ ಸರಿ ಇರಲೇಬೇಕು.

ಜಾತಿ, ಆದಾಯ, ವಾಸದ ಸರ್ಟಿಫಿಕೇಟ್‌ಗಳೂ ಇ-ಡಿಸ್ಟ್ರಿಕ್ಟ್‌ನಲ್ಲೇ. ಆದಾಯ ಮತ್ತು ಹಿಂದುಳಿದ ವರ್ಗದವರ ಜಾತಿ ಸರ್ಟಿಫಿಕೇಟ್ ವಿಲೇಜ್ ಆಫೀಸರ್ ಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರದ್ದು ತಹಶೀಲ್ದಾರರ ಮಟ್ಟದಲ್ಲಿ ಆಗುವುದು, ವಿಲೇಜ್ ಆಫೀಸಿನ ವಿಚಾರಣೆ ಮುಗಿದು ಮೇಲೆ ಹೋಗಬೇಕು, ದಿನ ಜಾಸ್ತಿ ಹಿಡಿಯುತ್ತದೆ. ಕೊನೆಯ ವಾರಕ್ಕೆ ಇಡಬೇಡಿ. ಆದಾಯದ ಸರ್ಟಿಫಿಕೇಟ್ ಮಾತ್ರ ತುಂಬಾ ಮೊದಲೇ ಮಾಡಿಸಿದರೆ ಹಳೆಯದಾಗುತ್ತದೆ, ಅದನ್ನು ಅರ್ಜಿ ಹಾಕುವ ಹೊತ್ತಿಗೆ ಮಾಡಿಸಿ.

ಇನ್ನೊಂದು ಮಾತು. ಅರ್ಜಿಯನ್ನು ಮಲಯಾಳಂನಲ್ಲೇ ಬರೆಯಬೇಕು ಅಂತ ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕೌಂಟರಿನಲ್ಲಿ ಜಗಳ ಬೇಡ, ಕನ್ನಡ ಅರ್ಜಿಯನ್ನು ಕೊಟ್ಟು ರಶೀದಿ ಕೇಳಿ. ಆನ್‌ಲೈನ್ ಫಾರಂಗಳು ಮಾತ್ರ ಹೆಚ್ಚಿನವು ಇಂಗ್ಲಿಷ್, ಮಲಯಾಳಂನಲ್ಲೇ ಇವೆ. ಅಲ್ಲಿ ಓದಿ ಹೇಳುವವರು ಒಬ್ಬರು ಜೊತೆಗಿರಲಿ.

ಹಂತ 2: ಎರಡು ಕಡೆ ನೋಂದಣಿ

ಒಂದು, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್. ಜಿಲ್ಲಾ ಕಚೇರಿ ವಿದ್ಯಾನಗರದ ಸಿವಿಲ್ ಸ್ಟೇಶನ್‌ನಲ್ಲಿದೆ, ಹೊಸದುರ್ಗದವರಿಗೆ ಕಾಞಂಗಾಡಿನಲ್ಲಿ ಇನ್ನೊಂದು ಉಂಟು. ಆನ್‌ಲೈನಿನಲ್ಲೂ ನೋಂದಣಿ ಆಗುತ್ತದೆ. ‘ಅಲ್ಲಿ ಹೆಸರು ಕೊಟ್ಟರೆ ಯಾರಿಗೆ ಕೆಲಸ ಬಂದಿದೆ’ ಅಂತ ಊರಲ್ಲಿ ಹೇಳುತ್ತಾರಲ್ವಾ? ಅರ್ಧ ನಿಜ. ಸರಕಾರಿ ಕಚೇರಿಗಳ ತಾತ್ಕಾಲಿಕ ಹುದ್ದೆಗೆ ಅಲ್ಲಿಂದಲೇ ಕರೆಯುತ್ತಾರೆ, ಅದು ಸೀನಿಯಾರಿಟಿ ನೋಡಿ ಬರುವಂಥದ್ದು, ತಡವಾಗುತ್ತದೆ. ಆದರೆ ಸ್ವಂತ ಕೆಲಸಕ್ಕೆ ಸಿಗುವ ಕೆಲವು ಒಳ್ಳೆಯ ಸಾಲಗಳಿಗೆ ಈ ನೋಂದಣಿ ಚಾಲ್ತಿಯಲ್ಲಿ ಇರಲೇಬೇಕು. ಅದನ್ನು ಮುಂದೆ ಹೇಳುತ್ತೇನೆ.

ತಪ್ಪುವುದು ನವೀಕರಣದಲ್ಲಿ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಯಾವ ತಿಂಗಳು ಅಂತ ಕಾರ್ಡಿನಲ್ಲೇ ಬರೆದಿರುತ್ತಾರೆ. ಮರೆತರೆ ಇಷ್ಟು ವರ್ಷದ ಸೀನಿಯಾರಿಟಿ ಹೋಯಿತು. ಹಾಗೆ ಕಳಕೊಂಡವರಿಗೆ ಸರಕಾರ ಆಗಾಗ ವಿಶೇಷ ನವೀಕರಣದ ಅವಕಾಶ ಕೊಡುತ್ತದೆ, ಪೇಪರಿನಲ್ಲಿ ಬಂದಾಗ ಬಿಡಬೇಡಿ. ಹೊಸ ಕೋರ್ಸ್ ಮುಗಿದಾಗಲೆಲ್ಲ ಅದನ್ನೂ ಸೇರಿಸಿ. ಪ್ಲಸ್ ಟು ಆದ ಮೇಲೂ ಎಸ್ಸೆಸ್ಸೆಲ್ಸಿಯಲ್ಲೇ ನಿಂತ ನೋಂದಣಿಗಳು ಎಷ್ಟೋ.

ಎರಡನೆಯದು, ಸರಕಾರಿ ಹುದ್ದೆಗೆ ಪರೀಕ್ಷೆ ನಡೆಸುವ ಕೇರಳ ಪಿಎಸ್‌ಸಿಯ ಒಂದು ಬಾರಿಯ ನೋಂದಣಿ, ‘ತುಳಸಿ’ ಅಂತ ಕರೆಯುವ ಪೋರ್ಟಲಿನಲ್ಲಿ. ಪ್ರೊಫೈಲ್ ಮಾಡಿದರೆ ಅರ್ಜಿ ಹಾಕಿದ ಹಾಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಪ್ರತಿ ಹುದ್ದೆಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಪರೀಕ್ಷೆಗೆ ಮೊದಲು ಹೇಳಿದ ದಿನದೊಳಗೆ ‘ಕನ್ಫರ್ಮೇಶನ್’ ಕೊಡಬೇಕು. ಕೊಡದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ. ಹತ್ತನೆಯ ಮಟ್ಟದ ಪರೀಕ್ಷೆಗೆ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಆದರೆ ಕನ್ಫರ್ಮೇಶನ್ ಕೊಡುವಾಗ ಕನ್ನಡ ಅಂತ ನೀವೇ ಆರಿಸಬೇಕು. ಅಕ್ಷಯದವರು ಅಭ್ಯಾಸಬಲದಿಂದ ಮಲಯಾಳಂ ಒತ್ತಿಬಿಡುತ್ತಾರೆ, ಪಕ್ಕದಲ್ಲಿ ಕೂತು ನೋಡಿ. ಕನ್ನಡ ಮತ್ತು ಮಲಯಾಳಂ ಬಲ್ಲವರಿಗೆ ಅಂತಲೇ ಕಾಸರಗೋಡು ಜಿಲ್ಲೆಯಲ್ಲಿ ಎಲ್‌ಡಿ ಕ್ಲಾರ್ಕ್ ಹುದ್ದೆ ಕರೆಯುತ್ತಾರೆ, ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳೂ ಬರುತ್ತವೆ. ಇವುಗಳಿಗೆ ಕಾದು ಕೂತು ಬೇರೆ ಎಲ್ಲ ಬಿಡುವುದು ಮಾತ್ರ ಬೇಡ. ಪಿಎಸ್‌ಸಿ ಒಂದು ಕಡೆ ನಡೆಯುತ್ತಿರಲಿ, ತರಬೇತಿ, ಕೆಲಸ ಇನ್ನೊಂದು ಕಡೆ.

ಹಂತ 3: ಕೋರ್ಸಿಗಿಂತ ಮೊದಲು ಕೆಲಸ ನೋಡಿ

ಈ ಹಂತವನ್ನು ಹೆಚ್ಚುಕಡಿಮೆ ಎಲ್ಲರೂ ಹಾರಿಸುತ್ತಾರೆ. ನನ್ನ ಮಟ್ಟಿಗೆ ಇದೇ ಮುಖ್ಯ.

ಮನಸ್ಸಿನಲ್ಲಿರುವ ಕೆಲಸ ಯಾವುದೋ ಅದನ್ನು ಮಾಡುತ್ತಿರುವವರ ಹತ್ತಿರ ಹೋಗಿ. ಎಸಿ ಮೆಕ್ಯಾನಿಕ್ ಆಗಬೇಕಾ, ಕಾಸರಗೋಡಿನಲ್ಲೋ ಉಪ್ಪಳದಲ್ಲೋ ಮಂಗಳೂರಿನಲ್ಲೋ ಮೂರು ನಾಲ್ಕು ಸರ್ವಿಸ್ ಅಂಗಡಿಗೆ ಹೋಗಿ ಸುಮ್ನೆ ಕೇಳಿ: ಹೊಸಬರನ್ನು ತಗೊಳ್ಳುತ್ತೀರಾ, ಯಾವ ಸರ್ಟಿಫಿಕೇಟ್ ನೋಡುತ್ತೀರಿ, ಮೊದಲ ತಿಂಗಳು ಎಷ್ಟು ಕೊಡುತ್ತೀರಿ, ಬೈಕ್ ಲೈಸೆನ್ಸ್ ಬೇಕಾ. ಕೊನೆಯ ಪ್ರಶ್ನೆ ತಮಾಷೆಗಲ್ಲ. ಮನೆಮನೆಗೆ ಹೋಗುವ ಕೆಲಸಕ್ಕೆ ಎಷ್ಟೋ ಕಡೆ ಸರ್ಟಿಫಿಕೇಟಿಗಿಂತ ಮೊದಲು ಲೈಸೆನ್ಸ್ ಕೇಳುತ್ತಾರೆ.

ಆಮೇಲೆ ಲೆಕ್ಕ ಹಾಕಿ. ಮಂಜೇಶ್ವರ, ಉಪ್ಪಳದವರಿಗೆ ರೈಲಿನಲ್ಲಿ ಮಂಗಳೂರು ಹತ್ತಿರ, ದಿನಾ ಹೋಗಿ ಬರಬಹುದು. ಪೆರ್ಲದವರಿಗೆ ಪುತ್ತೂರು, ಅಡೂರಿನವರಿಗೆ ಸುಳ್ಯ ಆಗಬಹುದು. ಆದರೆ ಒಳಗಿನ ಊರಿಂದ ಬಸ್ ಸ್ಟಾಪಿಗೇ ಅರ್ಧ ಗಂಟೆ ನಡೆಯಬೇಕು, ಕೊನೆಯ ಬಸ್ ಸಂಜೆಗೇ ಹೋಗುತ್ತದೆ ಅಂದರೆ, ರಾತ್ರಿವರೆಗೆ ಶಿಫ್ಟ್ ಇರುವ ಮಾಲ್ ಕೆಲಸಕ್ಕೆ ತರಬೇತಿ ಪಡೆದು ಏನು ಪ್ರಯೋಜನ? ಸಂಬಳದಲ್ಲಿ ಬಸ್ಸು, ಊಟ, ಬೇಕಾದರೆ ರೂಮ್ ಬಾಡಿಗೆ ಕಳೆದು ಉಳಿಯುವುದೆಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಮೊತ್ತ ಊರಿನ ಅಡಿಕೆ ತೋಟದ ಕೂಲಿಗಿಂತ ಕಡಿಮೆ ಇದ್ದರೆ ಎರಡನೇ ತಿಂಗಳು ಬಿಟ್ಟು ಬರುತ್ತೀರಿ, ಎಲ್ಲರೂ ಹಾಗೇ ಮಾಡುವುದು.

ಕೆಲವು ಕೆಲಸಕ್ಕೆ ಕೋರ್ಸ್ ಸರ್ಟಿಫಿಕೇಟ್ ಸಾಲುವುದಿಲ್ಲ ಅಂತಲೂ ಈಗಲೇ ತಿಳಿದಿರಲಿ. ಸ್ವತಂತ್ರವಾಗಿ ವೈರಿಂಗ್ ಮಾಡಲು ರಾಜ್ಯದ ಲೈಸೆನ್ಸಿಂಗ್ ಬೋರ್ಡಿನ ವೈರ್‌ಮನ್ ಪರ್ಮಿಟ್ ಬೇಕು. ‘ನರ್ಸಿಂಗ್’ ಅಂತ ಬೋರ್ಡ್ ಹಾಕಿದ ಆರು ತಿಂಗಳ ಕೋರ್ಸ್ ಮಾಡಿದವರು ನರ್ಸ್ ಆಗುವುದಿಲ್ಲ, ನರ್ಸಿಂಗ್ ಕೌನ್ಸಿಲ್ ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ನರ್ಸ್. ರೋಗಿಯ ಆರೈಕೆಗೆ ಸಹಾಯಕರ ಕೋರ್ಸ್ ಬೇರೆ, ಅದು ಒಳ್ಳೆಯದೇ, ಆದರೆ ಅದೇ ಹೆಸರಿನಲ್ಲಿ ಸೇರಿ.

ಗಡಿ ದಾಟುವ ವಿಷಯದಲ್ಲೂ ಗೊಂದಲ ಉಂಟು. ಕೆಲಸಕ್ಕೆ ಗಡಿ ಇಲ್ಲ, ಐಟಿಐಯ ರಾಷ್ಟ್ರೀಯ ಸರ್ಟಿಫಿಕೇಟ್ ಮಂಗಳೂರಿನಲ್ಲೂ ನಡೆಯುತ್ತದೆ. ಸರಕಾರದ ಯೋಜನೆಗೆ ಗಡಿ ಉಂಟು. ಕೆಲಸ ಸಿಗದವರಿಗೆ ಕೊಡುವ ಕರ್ನಾಟಕದ ಯುವನಿಧಿ ಭತ್ಯೆಯಂಥದ್ದು ಅಲ್ಲಿನ ನಿವಾಸಿಗಳಿಗೆ ಮಾತ್ರ. ಕನ್ನಡಿಗರು ಅಂತ ನಮಗೂ ಸಿಗುತ್ತದೆ ಅಂದುಕೊಂಡು, ನೆಂಟರ ಮನೆಯ ವಿಳಾಸ ಕೊಟ್ಟು ಆಧಾರ್ ಬದಲಿಸಿದರೆ ಇಲ್ಲಿನ ರೇಶನ್ ಕಾರ್ಡ್, ಇಲ್ಲಿನ ಮೀಸಲಾತಿ, ಎಲ್ಲ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 4: ನಿಮಗೆ ಸರಿಹೊಂದುವ ಬಾಗಿಲು

ಹತ್ತನೆಯೇ ಆಗಿಲ್ಲದವರು ಮೊದಲು ಸಾಕ್ಷರತಾ ಮಿಷನ್ನಿನ ತತ್ಸಮಾನ ತರಗತಿಗೆ ಸೇರಿ. ಏಳನೆಯ ಮುಗಿಸಿದ್ದರೆ, 17 ವರ್ಷ ಆಗಿದ್ದರೆ ಹತ್ತನೆಯದಕ್ಕೆ ಸೇರಬಹುದು, ಕಾಸರಗೋಡಿನಲ್ಲಿ ಕನ್ನಡದಲ್ಲೂ ಬರೆಯಬಹುದು. ಪ್ಲಸ್ ಟುವಿಗೆ 22 ವರ್ಷ ಆಗಿರಬೇಕು. ಪಂಚಾಯತಿನಲ್ಲಿ ಪ್ರೇರಕ್ (ಈ ತರಗತಿ ನೋಡಿಕೊಳ್ಳುವವರು) ಯಾರು ಅಂತ ಕೇಳಿದರೆ ಹೇಳುತ್ತಾರೆ. ನಲವತ್ತು ದಾಟಿದವರು ನಾಚಿಕೊಳ್ಳುತ್ತಾರೆ, ಆ ತರಗತಿಯಲ್ಲಿ ಕೂತಿರುವವರಲ್ಲಿ ನಿಮ್ಮ ವಯಸ್ಸಿನವರೇ ಜಾಸ್ತಿ ಇರುತ್ತಾರೆ.

ಸಂಬಳದ ಕೆಲಸ ಬೇಕು, ಮನೆ ಬಿಟ್ಟು ಮೂರು ನಾಲ್ಕು ತಿಂಗಳು ಇರಬಹುದು, ವಯಸ್ಸು 35ರೊಳಗೆ, ಬಡ ಗ್ರಾಮೀಣ ಕುಟುಂಬ ಅಂದರೆ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. 2014ರಲ್ಲಿ ಶುರುವಾದದ್ದು, ಕೇರಳದಲ್ಲಿ ಹೆಂಗಸರ ಸಂಘಗಳ ಕುಟುಂಬಶ್ರೀ ಮಿಷನ್ ನಡೆಸುತ್ತದೆ. ಹೆಂಗಸರಿಗೆ, ಅಂಗವಿಕಲರಿಗೆ, ಕೊರಗರಂಥ ವಿಶೇಷ ದುರ್ಬಲ ಬುಡಕಟ್ಟಿನವರಿಗೆ 45ರವರೆಗೆ ಅವಕಾಶ. ಮನೆಯಲ್ಲಿ ಯಾರಾದರೂ ಕುಟುಂಬಶ್ರೀ ಸಂಘದಲ್ಲಿದ್ದರೆ, ಅಥವಾ ಹಿಂದಿನ ವರ್ಷ 15 ದಿನ ಉದ್ಯೋಗ ಖಾತರಿ ಕೆಲಸ ಮಾಡಿದ್ದರೆ ಅದೂ ಅರ್ಹತೆಯೇ. ಫೀಸ್ ಇಲ್ಲ, ಉಳಿದುಕೊಳ್ಳುವ ಕೋರ್ಸಿಗೆ ಊಟ ವಸತಿಯೂ ಉಚಿತ. ಪಂಚಾಯತಿನ ಕುಟುಂಬಶ್ರೀ ಕಚೇರಿಯಲ್ಲಿ (ಸಿಡಿಎಸ್) ಹೆಸರು ಕೊಡಿ. ಕೇಂದ್ರ ಬೇರೆ ಜಿಲ್ಲೆಯಲ್ಲಿ ಇರಬಹುದು, ಮೊದಲೇ ಕೇಳಿಕೊಳ್ಳಿ.

ಸ್ವಂತ ಕೆಲಸ ಮಾಡುವ ಯೋಚನೆ ಇದ್ದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ನಮ್ಮ ಜಿಲ್ಲೆಯದ್ದು ಕಾಞಂಗಾಡಿನ ಹತ್ತಿರ ವೆಳ್ಳಿಕ್ಕೋತ್‌ನಲ್ಲಿದೆ. ಇದಕ್ಕೆ ಮೂಲ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್. ಮೊಬೈಲ್ ರಿಪೇರಿ, ಹೊಲಿಗೆ, ಬ್ಯೂಟಿ ಪಾರ್ಲರ್, ಮೋಟಾರ್ ರಿವೈಂಡಿಂಗ್‌ನಂಥವು ಸುಮಾರು ಒಂದು ತಿಂಗಳು, ಹೈನುಗಾರಿಕೆಯಂಥವು ಸುಮಾರು 10 ದಿನ. ಊಟ, ವಸತಿ, ತರಬೇತಿ ಎಲ್ಲ ಉಚಿತ, 18 ತುಂಬಿರಬೇಕು. ಮುಗಿದ ಮೇಲೆ ಎರಡು ವರ್ಷ ಅವರೇ ವಿಚಾರಿಸುತ್ತಿರುತ್ತಾರೆ, ಬ್ಯಾಂಕಿಗೆ ಸಾಲದ ಅರ್ಜಿ ಕಳಿಸಲೂ ಸಹಾಯ ಮಾಡುತ್ತಾರೆ. ಈ ಕೊನೆಯ ಸವಲತ್ತನ್ನು ಬಳಸುವವರೇ ಕಡಿಮೆ. ಹೊಲಿಗೆಗೆ ಸೇರುವ ಮೊದಲು ನಿಮ್ಮ ವಾರ್ಡಿನಲ್ಲಿ ಈಗಾಗಲೇ ಎಷ್ಟು ಹೊಲಿಗೆ ಮೆಶಿನ್ ಓಡುತ್ತಿದೆ ಅಂತ ಎಣಿಸಿ.

ಒಂದೆರಡು ವರ್ಷ ಓದಲು ಆಗುತ್ತದೆ ಅಂದರೆ ಸರಕಾರಿ ಐಟಿಐಯನ್ನು ಮೀರಿದ್ದು ಇಲ್ಲ. ವಿದ್ಯಾನಗರದಲ್ಲೂ ಕಯ್ಯೂರಿನಲ್ಲೂ ಉಂಟು. ಐಟಿಐ ಆದವರು ಆಮೇಲೆ ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಾ ಕಲಿಯಬಹುದು. ಪ್ಲಸ್ ಟು, ಡಿಗ್ರಿ ಆದವರಿಗೆ ವಿದ್ಯಾನಗರದ ಅಸಾಪ್ ಸ್ಕಿಲ್ ಪಾರ್ಕ್ (ರಾಜ್ಯ ಸರಕಾರದ ಕೌಶಲ್ಯ ಕೇಂದ್ರ) ಉಂಟು, ಆದರೆ ಅಲ್ಲಿನ ಎಷ್ಟೋ ಕೋರ್ಸಿಗೆ ಫೀಸ್ ಇದೆ, ರಿಯಾಯಿತಿ ಯಾರಿಗೆ ಅಂತ ಕೇಳಿಯೇ ಸೇರಿ.

ಮರಗೆಲಸ, ಕಮ್ಮಾರಿಕೆ, ಗಾರೆ, ಕ್ಷೌರ, ಬುಟ್ಟಿ ಹೆಣೆಯುವುದು, ಮೀನುಬಲೆ ಮಾಡುವುದು, ಹೀಗೆ 18 ಕಸುಬಿನವರಿಗೆ 2023ರ ಪಿಎಂ ವಿಶ್ವಕರ್ಮ ಯೋಜನೆ ಇದೆ. ಮೊದಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ 5 ಶೇಕಡಾ ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಮನೆಯಲ್ಲಿ ಯಾರ ಹೆಸರಿನಲ್ಲಿ ಅಂತ ಮೊದಲೇ ಮಾತಾಡಿಕೊಳ್ಳಿ, ನಿಜವಾಗಿ ಕಸುಬು ಮಾಡುವವರ ಹೆಸರಿನಲ್ಲೇ ಹಾಕಿ. ಪರಿಶೀಲನೆ ಪಂಚಾಯತಿನಿಂದಲೇ ಶುರುವಾಗುತ್ತದೆ.

ತೆಂಗಿನ ಮರ ಹತ್ತುವವರ ಕೊರತೆ ನಮ್ಮಲ್ಲಿ ಎಷ್ಟಿದೆ ಅಂತ ಹೇಳಬೇಕಾ? ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರದ ಗೆಳೆಯರು’ ಅಂತ ಆರು ದಿನದ ತರಬೇತಿ ನಡೆಸುತ್ತಾ ಬಂದಿದೆ, ಹತ್ತುವ ಯಂತ್ರವನ್ನೂ ಕೊಡುತ್ತದೆ. ಆರು ದಿನದಲ್ಲಿ ಕಲಿತು ಏಳನೇ ದಿನ ಕೆಲಸ ಸಿಗುವ ಕೋರ್ಸ್ ಇದೊಂದೇ ಇರಬೇಕು.

ಹಂತ 5: ಸೇರುವ ಮೊದಲು ಕೇಂದ್ರವನ್ನು ನೋಡಿ ಬನ್ನಿ

ಜಾಹೀರಾತು ನೋಡಿ, ಫೋನಿನಲ್ಲಿ ಮಾತಾಡಿ ಸೇರಬೇಡಿ. ಕಲಿಯುವ ಮೆಶಿನ್ ಎಷ್ಟಿದೆ, ಎಷ್ಟು ಜನರ ಬ್ಯಾಚ್, ಕಲಿಸುವವರು ಯಾರು ಅಂತ ಕಣ್ಣಾರೆ ನೋಡಿ. ಹಿಂದಿನ ಬ್ಯಾಚಿನ ಇಬ್ಬರ ನಂಬರ್ ಕೇಳಿ, ಕೊಡದಿದ್ದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹೆಣ್ಣುಮಕ್ಕಳನ್ನು ಹಾಸ್ಟೆಲಿಗೆ ಬಿಡುವಾಗ ಮನೆಯವರು ಒಮ್ಮೆ ಹೋಗಿ ಹಾಸ್ಟೆಲ್, ವಾರ್ಡನ್, ಬಾಗಿಲಿನ ಚಿಲಕ ನೋಡಿ ಬನ್ನಿ, ಇದಕ್ಕೆ ಸಂಕೋಚ ಬೇಡ.

ಎಚ್ಚರಿಕೆಯ ಗುರುತುಗಳು ಇವು. ಸರಕಾರದ ಉಚಿತ ಯೋಜನೆ ಅಂತ ಹೇಳಿ ‘ರಿಜಿಸ್ಟ್ರೇಶನ್’, ‘ಯೂನಿಫಾರ್ಮ್’, ‘ಡೆಪಾಸಿಟ್’ ಅಂತ ದುಡ್ಡು ಕೇಳುವುದು. ಮೂಲ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟನ್ನು ಇಟ್ಟುಕೊಳ್ಳುವುದು. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅನ್ನುವುದು. ಇವತ್ತೇ ಸೇರದಿದ್ದರೆ ಸೀಟ್ ಹೋಗುತ್ತದೆ ಅಂತ ಅವಸರ ಮಾಡುವುದು. ಖಾಲಿ ಕಾಗದಕ್ಕೆ ಸಹಿ. ಒಬ್ಬರ ವೈಯಕ್ತಿಕ ಗೂಗಲ್ ಪೇ ನಂಬರಿಗೆ ಹಣ ಹಾಕಲು ಹೇಳುವುದು. ಇದರಲ್ಲಿ ಒಂದು ಕಂಡರೂ ಎದ್ದು ಬನ್ನಿ.

ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಅಂತಲೂ ಕೇಳಿ. ಕೇಂದ್ರದ ಮಾಲೀಕರ ಸಹಿ ಮಾತ್ರ ಇರುವ ಬಣ್ಣದ ಕಾಗದಕ್ಕೆ ಬೆಲೆ ಇಲ್ಲ. ಹಳೆಯ ಬ್ಯಾಚಿನವರ ಸರ್ಟಿಫಿಕೇಟ್ ತೋರಿಸಲು ಹೇಳಿ. ಅದರಲ್ಲಿ ಕ್ಯೂಆರ್ ಕೋಡ್ ಇದ್ದರೆ ನಿಮ್ಮ ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ, ಸರಕಾರಿ ವೆಬ್‌ಸೈಟ್ ತೆರೆಯುತ್ತದಾ ನೋಡಿ.

ಹಂತ 6: ತರಬೇತಿಯ ದಿನಗಳು

ಹಾಜರಿ ಬೆರಳಚ್ಚಿನಲ್ಲಿ. ಕೋಲ, ಜಾತ್ರೆ, ಮದುವೆ ಅಂತ ನಾಲ್ಕು ದಿನ ಊರಿಗೆ ಬಂದರೆ ಹಾಜರಿ ಕಡಿಮೆಯಾಗಿ ಪರೀಕ್ಷೆಗೇ ಕೂರಿಸುವುದಿಲ್ಲ. ಬ್ಯಾಚ್ ಶುರುವಾಗುವ ತಿಂಗಳನ್ನು ಮನೆಯ ಕಾರ್ಯಕ್ರಮ ನೋಡಿ ಆರಿಸಿ. ಬೀಡಿ ಕಟ್ಟಿದ, ಅಡಿಕೆ ಸುಲಿದ ಕೈಯಾದರೆ ಬೆರಳಚ್ಚು ಕೆಲವೊಮ್ಮೆ ಬೀಳುವುದೇ ಇಲ್ಲ. ಮೊದಲ ದಿನವೇ ಹೇಳಿ, ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಟ್ಟು ಬನ್ನಿ.

ಭಾಷೆಯ ತೊಂದರೆ ನಿಜ. ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಅನ್ನುವವರು ನಮ್ಮಲ್ಲಿ ಎಷ್ಟು ಜನ! ನೋಟ್ಸ್ ಮಲಯಾಳಂನಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ ಬಂದಾಗ ಕೈಕೆಲಸ ಗೊತ್ತಿದ್ದವರೂ ಫೇಲ್ ಆಗುತ್ತಾರೆ. ಪರೀಕ್ಷೆ ಯಾವ ಭಾಷೆಯಲ್ಲಿ ಅಂತ ಸೇರುವಾಗಲೇ ಕೇಳಿ. ಉಪಕರಣಗಳ ಹೆಸರು, ಸುರಕ್ಷತೆಯ ನಿಯಮ, ಇವನ್ನು ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅಂತ ದಿನಾ ಒಂದು ಪುಟ ಬರೆದುಕೊಂಡರೆ ಮೂರು ತಿಂಗಳಿಗೆ ಸಾಕಾಗುತ್ತದೆ. ಮಲಯಾಳಂ ಓದಲು ಕಲಿಯಬೇಕು ಅನ್ನುವವರಿಗೆ ಸಾಕ್ಷರತಾ ಮಿಷನ್ ‘ಪಚ್ಚಮಲಯಾಳಂ’ ಅಂತ ಕೋರ್ಸ್ ಮಾಡಿದೆ. ಕೇರಳದಲ್ಲಿ ಕೆಲಸ ಬೇಕು ಅಂದರೆ ಅದನ್ನು ಕಲಿಯುವುದೇ ಲೇಸು, ಕನ್ನಡಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಹಂತ 7: ಸಂದರ್ಶನ, ಮೊದಲ ಕೆಲಸ

ವಿದ್ಯಾನಗರದ ಎಕ್ಸ್‌ಚೇಂಜಿನಲ್ಲೇ ಎಂಪ್ಲಾಯಬಿಲಿಟಿ ಸೆಂಟರ್ ಉಂಟು, ಒಮ್ಮೆ ಸಣ್ಣ ಫೀಸ್ ಕಟ್ಟಿ ಸೇರಿದರೆ ಖಾಸಗಿ ಕಂಪನಿಗಳ ಸಂದರ್ಶನಕ್ಕೆ ಕರೆಯುತ್ತಾರೆ. ಇದು ಸಾಮಾನ್ಯ ನೋಂದಣಿಯಿಂದ ಬೇರೆ, ಅಲ್ಲಿ ಹೆಸರಿದ್ದರೆ ಇಲ್ಲೂ ಇದ್ದ ಹಾಗೆ ಅಲ್ಲ.

ಬಯೋಡಾಟಾ ಒಂದೇ ಪುಟ ಇರಲಿ. ಅದರಲ್ಲಿ ನಮ್ಮವರು ಬರೆಯದೆ ಬಿಡುವುದು ಭಾಷೆಗಳನ್ನು. ಕನ್ನಡ, ತುಳು, ಮಲಯಾಳಂ, ಸ್ವಲ್ಪ ಹಿಂದಿ, ಎಷ್ಟೋ ಮನೆಗಳಲ್ಲಿ ಬ್ಯಾರಿ, ಕೊಂಕಣಿ, ಮರಾಠಿ ಕೂಡ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡು, ಕಣ್ಣೂರು ಕಡೆಯಿಂದ ದಿನಾ ರೋಗಿಗಳು ಹೋಗುತ್ತಾರೆ. ಅಲ್ಲಿ ರಿಸೆಪ್ಶನ್, ಬಿಲ್ಲಿಂಗ್, ಔಷಧ ಅಂಗಡಿಯಲ್ಲಿ ಈ ಮೂರು ನಾಲ್ಕು ಭಾಷೆ ಬಲ್ಲವರು ಬೇಕಾಗುತ್ತಾರೆ. ಇದನ್ನು ಬಯೋಡಾಟಾದ ಮೇಲಿನ ಸಾಲಿನಲ್ಲೇ ಬರೆಯಿರಿ.

ಕೆಲಸ ಸಿಕ್ಕಾಗ ನಾಲ್ಕು ವಿಷಯ ಬರವಣಿಗೆಯಲ್ಲಿ ಕೇಳಿ: ಸಂಬಳ, ಕೆಲಸದ ಹೊತ್ತು, ವಾರದ ರಜೆ, ಪಿಎಫ್ ಮತ್ತು ಇಎಸ್‌ಐ. ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದು, 10 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಾದರೆ ಇಎಸ್‌ಐ ಸಾಮಾನ್ಯವಾಗಿ ಸಿಗಬೇಕು. ನಿಮ್ಮ ಸಂಬಳದಿಂದ ಹೋಗುವುದು 0.75 ಶೇಕಡಾ, ಸಿಗುವುದು ಮನೆಯವರಿಗೂ ಚಿಕಿತ್ಸೆ. ಪಿಎಫ್ ಹಿಡಿಯುತ್ತೇವೆ ಅಂತ ಹೇಳಿ ಕಟ್ಟದವರೂ ಇದ್ದಾರೆ. ಯುಎಎನ್ ಅನ್ನುವ ನಿಮ್ಮ ಪಿಎಫ್ ನಂಬರ್ ತಗೊಂಡು ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ನೋಡಿ.

ಮೊದಲ ಎರಡು ತಿಂಗಳು ಕಷ್ಟ, ಅದರಲ್ಲೂ ಕೊಚ್ಚಿ, ಬೆಂಗಳೂರು ಕಡೆ ಹೋದವರಿಗೆ. ಕೈಯಲ್ಲಿ ಒಂದು ತಿಂಗಳ ಖರ್ಚಿನ ದುಡ್ಡು ಇಟ್ಟುಕೊಂಡೇ ಹೋಗಿ, ಸಂಬಳ ಬರುವುದು ತಿಂಗಳು ಮುಗಿದ ಮೇಲೆ ಅಲ್ವಾ.

ಹಂತ 8: ಸ್ವಂತ ಕೆಲಸಕ್ಕೆ ಸಾಲ

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ನೋಂದಣಿ ಚಾಲ್ತಿಯಲ್ಲಿ ಇಡಿ ಅಂದದ್ದು ಇದಕ್ಕೆ. ವಿಧವೆಯರು, ವಿಚ್ಛೇದನ ಆದವರು, ಗಂಡ ಬಿಟ್ಟುಹೋದವರು, 30 ದಾಟಿ ಮದುವೆಯಾಗದವರು, ಇಂಥ ಹೆಂಗಸರಿಗೆ ‘ಶರಣ್ಯ’ ಯೋಜನೆಯಲ್ಲಿ 50,000 ರೂಪಾಯಿ ಬಡ್ಡಿಯಿಲ್ಲದ ಸಾಲ, ಅದರಲ್ಲಿ ಅರ್ಧ ಸಬ್ಸಿಡಿ. 21ರಿಂದ 50 ವರ್ಷದವರಿಗೆ ‘ಕೆಸ್ರು’ವಿನಲ್ಲಿ 1 ಲಕ್ಷದವರೆಗೆ ಬ್ಯಾಂಕ್ ಸಾಲ, 20 ಶೇಕಡಾ ಸಬ್ಸಿಡಿ. 50 ದಾಟಿದವರಿಗೆ, 65ರವರೆಗೆ ‘ನವಜೀವನ್’, ಅಂಗವಿಕಲರಿಗೆ ‘ಕೈವಲ್ಯ’. ಎಲ್ಲದಕ್ಕೂ ಕುಟುಂಬದ ಆದಾಯಕ್ಕೆ ಮಿತಿ ಇದೆ.

ಅರ್ಜಿ ಬೀಳುವುದು ಯೋಜನಾ ವರದಿಯಲ್ಲಿ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ವರದಿಯಲ್ಲಿ ಊರಿನ ಹೆಸರು ಬದಲಿಸಿ ಕೊಟ್ಟರೆ ಮ್ಯಾನೇಜರಿಗೆ ಮೊದಲ ಪ್ರಶ್ನೆಗೇ ಗೊತ್ತಾಗುತ್ತದೆ. ಮೆಶಿನಿಗೆ ಎಷ್ಟು, ಕೊಟೇಶನ್ ಎಲ್ಲಿಂದ, ತಿಂಗಳಿಗೆ ಯಾರು ಎಷ್ಟು ಕೊಳ್ಳುತ್ತಾರೆ, ಕಂತು ಎಷ್ಟು, ಇದನ್ನು ನೀವೇ ಕನ್ನಡದಲ್ಲಿ ಬರೆದು, ಆಮೇಲೆ ಟೈಪ್ ಮಾಡಿಸಿ. ಹಳೆಯ ಕೃಷಿ ಸಾಲ ಬಾಕಿ ಇದ್ದರೆ ಅದನ್ನು ಮುಚ್ಚಿಡಬೇಡಿ, ಸಾಲದ ಹಳೆಯ ಲೆಕ್ಕ ಇಡುವ ಸಿಬಿಲ್‌ನಲ್ಲಿ ಕಾಣುತ್ತದೆ. ಸಬ್ಸಿಡಿಯಲ್ಲಿ ಪಾಲು ಕೇಳುವ ಮಧ್ಯವರ್ತಿ ಬಂದರೆ ಬಾಗಿಲಲ್ಲೇ ಕಳಿಸಿ.

ಗಲ್ಫಿಗೆ ಹೋಗುವವರಿಗೆ ಬೇರೆ ಲೆಕ್ಕ

ಹತ್ತನೆಯ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ಪರಿಶೀಲನೆ ಬೇಕಾದದ್ದು) ಆಗಿರುತ್ತದೆ. ಸೌದಿ, ಯುಎಇ, ಕತಾರ್, ಕುವೈತ್‌ನಂಥ ದೇಶಕ್ಕೆ ಕೆಲಸಕ್ಕೆ ಹೋಗಲು ಅವರಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು. ಅದನ್ನು ತಪ್ಪಿಸಲು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ, ಅಲ್ಲಿ ಬದಲಿಸೋಣ ಅನ್ನುತ್ತಾರೆ. ಸಿಕ್ಕಿಬೀಳುವುದು ಹೀಗೆಯೇ. ಏಜೆಂಟ್ ನೋಂದಾಯಿತರೇ ಅಂತ ಕೇಂದ್ರ ಸರಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಅವರು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ರಶೀದಿ ಸಮೇತ. ಲಕ್ಷಗಟ್ಟಲೆ ಕೇಳಿದರೆ ಅದು ಕಾನೂನಿನ ಹೊರಗಿನ ವ್ಯವಹಾರ. ಸರ್ಟಿಫಿಕೇಟ್ ದೃಢೀಕರಣಕ್ಕೆ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆ ಉಂಟು, ನೇರ ಅಲ್ಲಿಗೇ ಹೋಗಿ.

ಮೋಸ ಆದರೆ, ಉಚಿತ ಕೋರ್ಸಿಗೆ ದುಡ್ಡು ಕಿತ್ತುಕೊಂಡರೆ, ಸುಮ್ನೆ ಕೂರಬೇಡಿ. ಕುಟುಂಬಶ್ರೀ ಮೂಲಕ ಸೇರಿದ ಕೋರ್ಸ್ ಆದರೆ ದೂರು ಅದರ ಜಿಲ್ಲಾ ಮಿಷನ್ನಿಗೆ, ಉಳಿದದ್ದಕ್ಕೆ ಜಿಲ್ಲಾಧಿಕಾರಿ ಕಚೇರಿಗೆ, ದುಡ್ಡಿನ ಮೋಸಕ್ಕೆ ಪೊಲೀಸ್ ಠಾಣೆಗೆ. ಆನ್‌ಲೈನಿನಲ್ಲಿ ದುಡ್ಡು ಹೋದರೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು. ದೂರನ್ನು ಕನ್ನಡದಲ್ಲೇ ಬರೆಯಿರಿ, ತಾರೀಕು, ಮೊತ್ತ, ಯಾರ ಖಾತೆಗೆ ಹೋಯಿತು ಅಂತ ನೋಟ್‌ಬುಕ್ ನೋಡಿ ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲ್ ಹಾಕಿಸಿ ಮನೆಗೆ ತನ್ನಿ.